ಡಾಕ್ಟರಿಗೆ ನಾವು ಹೇಳದೆ ಬಿಟ್ಟ ಕಷಾಯ: ಮುಂಬಯಿಯ ಒಂದು ಅಮೃತಬಳ್ಳಿಯ ಕತೆ



ಮುಂಬಯಿಯಲ್ಲಿ ಸಿಗೋ ಕಾಡುಸೊಪ್ಪು, ಮನೆಮದ್ದು ಬಗ್ಗೆ ಮಾತಾಡಿ ಅಂತ ಕೇಳಿದ್ರು. ನಾನು ವಾರಾಂತ್ಯದಲ್ಲಿ ಒಂದೆಲಗ, ತಗಟೆ ಸೊಪ್ಪು ಅಂತ ಹುಡುಕಿಕೊಂಡು ಓಡಾಡೋದು ಸುಮಾರು ಜನಕ್ಕೆ ಗೊತ್ತು, ಅದಕ್ಕೇ ಕೇಳಿರಬೇಕು. ಬಹುಶಃ ನಾಲ್ಕಾರು ತಂಬುಳಿ ಮಾಡೋ ವಿಧಾನ ಹೇಳ್ತಾನೆ ಅಂದುಕೊಂಡಿದ್ರೇನೋ. ಇವತ್ತು ಅದನ್ನ ಹೇಳಲ್ಲ. ಒಂದೇ ಒಂದು ಬಳ್ಳಿಯ ಕತೆ ಹೇಳ್ತೀನಿ. ಅದನ್ನ ನಾನೇ ಕೊಯ್ದು, ನಾನೇ ಕುದಿಸಿ, ನಮ್ಮ ಅಮ್ಮನಿಗೆ ನಾಲ್ಕೂವರೆ ತಿಂಗಳು ಕುಡಿಸಿದೆ.

ನಾನು ತೀರ್ಥಹಳ್ಳಿ ಕಡೆಯವನು. ಎಂಟೆಕ್ ಮಾಡೋಕೆ ಪವಾಯಿಗೆ ಬಂದೆ, ಮುಗಿಸಿ ಇಲ್ಲೇ ಕೆಲಸ ಹಿಡಿದೆ. ಈಗ ಮನೆ ಮುಲುಂಡ್ ಪಶ್ಚಿಮದಲ್ಲಿ, ಆಫೀಸು ಖಾಡಿ ದಾಟಿ ಐರೋಲಿಯಲ್ಲಿ. ನಮ್ಮ ಬಿಲ್ಡಿಂಗ್ ಹಿಂದೆ ನಿಂತ್ರೆ ನ್ಯಾಷನಲ್ ಪಾರ್ಕಿನ ಗುಡ್ಡ ಕಾಣುತ್ತೆ. ಮಳೆಗಾಲದಲ್ಲಿ ಆ ಹಸಿರು ನೋಡಿದ್ರೆ ಊರೇ ಅನ್ನಿಸುತ್ತೆ. ಈ "ಊರೇ ಅನ್ನಿಸುತ್ತೆ" ಅನ್ನೋದರಲ್ಲೇ ಸ್ವಲ್ಪ ಎಡವಟ್ಟಿದೆ ಅಂತ ನನಗೆ ಆಮೇಲೆ ಗೊತ್ತಾಯ್ತು.

2020ರ ಮಾರ್ಚ್‌ನಲ್ಲಿ ಯುಗಾದಿಗೆ ಅಂತ ಅಮ್ಮ ನಮ್ಮ ಮನೆಗೆ ಬಂದಿದ್ರು. ನಿಮಗೆ ನೆನಪಿರಬಹುದು, ಆ ವರ್ಷ ಯುಗಾದಿ ಬಂದಿದ್ದು ಮಾರ್ಚ್ 25ಕ್ಕೆ. ದೇಶಕ್ಕೆಲ್ಲ ಬೀಗ ಬಿದ್ದ ಮೊದಲ ದಿನ. ಬೇವು-ಬೆಲ್ಲಕ್ಕೆ ಮಾರ್ಕೆಟ್ಟಿಗೆ ಹೋಗೋ ಹಾಗಿಲ್ಲ. ಬೆಲ್ಲ ಮನೇಲಿತ್ತು. ಬೇವು ಸೊಸೈಟಿ ಕಾಂಪೌಂಡಿನ ಮೂಲೆಯಲ್ಲಿ ಒಂದು ಮರ ಇದೆಯಲ್ಲ ಅಂತ ಕೆಳಗಿಳಿದು ಹೋದೆ. ಮಾಸ್ಕ್ ಹಾಕ್ಕೊಂಡು, ಕಳ್ಳನ ಹಾಗೆ. ಕೊಂಬೆ ಬಗ್ಗಿಸುವಾಗ ಕೈಗೆ ದಾರದಂಥದ್ದು ಏನೋ ತಗುಲಿತು. ಮೇಲೆ ನೋಡಿದ್ರೆ ಬೇವಿನ ಮರದ ತುಂಬ ಹೃದಯದ ಆಕಾರದ ಎಲೆ, ಮಧ್ಯೆ ಸಣ್ಣ ಹಗ್ಗದ ಹಾಗೆ ನೇತಾಡೋ ಬಿಳಲು. ಅಮೃತಬಳ್ಳಿ. ಐದು ವರ್ಷ ಅದೇ ಮರದ ಕೆಳಗೆ ಬೈಕ್ ನಿಲ್ಲಿಸ್ತಿದ್ದೆ, ಒಂದು ದಿನವೂ ಕತ್ತೆತ್ತಿ ನೋಡಿರಲಿಲ್ಲ.

ವಾಚ್‌ಮನ್ ಜೌನ್‌ಪುರದ ಕಡೆಯವರು. "ಅರೇ, ಯೇ ತೋ ಗಿಲೋಯ್ ಹೈ" ಅಂದ್ರು, ಬೇವಿನ ಮೇಲೆ ಬೆಳೆದದ್ದು ಅಂದ್ರೆ ಎಲ್ಲಕ್ಕಿಂತ ಮೇಲು ಅಂತ ಸೇರಿಸಿದ್ರು. ಮೂರನೇ ಮಹಡಿಯ ಕಾಕು ಗ್ಯಾಲರಿಯಿಂದ್ಲೇ "ಗುಳವೇಲ್, ಗುಳವೇಲ್!" ಅಂತ ಕೂಗಿದ್ರು. ಅಮ್ಮ ಮೇಲಿನಿಂದ ನೋಡಿ, "ಅಯ್ಯೋ ಅಮೃತಬಳ್ಳಿ ಮಾರಾಯ! ಒಂದು ತುಂಡು ತಗೊಂಡ್ ಬಾ" ಅಂದ್ರು. ಮೂರು ಭಾಷೆ, ಒಂದೇ ಬಳ್ಳಿ. ಆ ದಿನ ಎಷ್ಟು ಹೆದರಿಕೆ ಇತ್ತೋ ಅಷ್ಟೇ ಸಮಾಧಾನ ಆಯ್ತು ನನಗೆ. ಇಡೀ ಊರು ಬಾಗಿಲು ಹಾಕ್ಕೊಂಡು ಕೂತಿದೆ, ನಮ್ಮ ಹತ್ರ ಒಂದು ಅಸ್ತ್ರ ಇದೆ ಅನ್ನೋ ಥರ.

ಆಮೇಲೆ ಆಗಿದ್ದು ನಿಮ್ಮಲ್ಲಿ ಬಹಳ ಜನರ ಮನೇಲೂ ಆಗಿರುತ್ತೆ. ವಾಟ್ಸಾಪ್ ತುಂಬ ಇಮ್ಯುನಿಟಿ. ಮೇ ತಿಂಗಳ ಮೊದಲ ವಾರದಿಂದ ನಮ್ಮನೇಲಿ ಬೆಳಿಗ್ಗೆ ಕಾಫಿಗೆ ಮುಂಚೆ ಕಷಾಯ. ಒಂದು ಗೇಣುದ್ದದ ಕಾಂಡ, ಜಜ್ಜಿ, ಶುಂಠಿ, ಮೆಣಸು, ಎರಡು ದೊಡ್ಡ ಲೋಟ ನೀರು ಹಾಕಿ ಅರ್ಧಕ್ಕೆ ಇಳಿಸೋದು. ನಾನು ಕುಡಿದೆ, ಹೆಂಡತಿ ಒಂದು ವಾರ ಕುಡಿದು ಕಹಿ ಅಂತ ಬಿಟ್ಟಳು. ಅಮ್ಮ ಮಾತ್ರ ಒಂದು ದಿನ ತಪ್ಪಿಸಲಿಲ್ಲ. ವಯಸ್ಸಾದವರಿಗೆ ಅಪಾಯ ಜಾಸ್ತಿ ಅಂತ ಟೀವಿಯಲ್ಲಿ ದಿನಾ ಹೇಳ್ತಿದ್ರಲ್ಲ. ಅವರಿಗೆ ಅಂತ ನಾನು ಇನ್ನೊಂದು ತುಂಡು ಜಾಸ್ತಿಯೇ ಹಾಕ್ತಿದ್ದೆ. ಪ್ರೀತಿಯಿಂದಲೇ ಹಾಕಿದ್ದು. ಜೊತೆಗೆ ಅಂಗಡಿಯಿಂದ ಗಿಲೋಯ್ ಮಾತ್ರೆ ಒಂದು ಡಬ್ಬಿ ಬೇರೆ ತರಿಸಿದ್ದೆ, ಮಳೆ ಜೋರಿದ್ದು ಕೆಳಗಿಳಿಯೋಕೆ ಆಗದ ದಿನಕ್ಕೆ.

ಸೊಸೈಟಿಯಲ್ಲಿ ನಾನೊಬ್ಬನೇ ಅಲ್ಲ. ಆಗಸ್ಟ್ ಹೊತ್ತಿಗೆ ಬಳ್ಳಿ ಕೈಗೆಟುಕೋ ಎತ್ತರದವರೆಗೆ ಬೋಳು. ಯಾರೋ ಬುಡವನ್ನೇ ಕಡಿದುಬಿಟ್ರು, ಗ್ರೂಪಿನಲ್ಲಿ ದೊಡ್ಡ ಜಗಳ. ಆದ್ರೆ ಅದು ಸಾಯಲಿಲ್ಲ. ಮೇಲೆ ಉಳಿದ ಭಾಗದಿಂದ ಹೊಸ ಬಿಳಲು ಇಳಿಬಿಟ್ಟು ಮಳೆ ಮುಗಿಯೋದರೊಳಗೆ ಮತ್ತೆ ನೆಲ ಮುಟ್ಟಿತು. ಅಮೃತ ಅಂತ ಹೆಸರು ಸುಮ್ನೆ ಬಂದಿಲ್ಲ.

ಸೆಪ್ಟೆಂಬರ್ ಎರಡನೇ ವಾರದಲ್ಲಿ ಅಮ್ಮನಿಗೆ ಊಟ ಸೇರದೇ ಹೋಯ್ತು. ಸುಸ್ತು. ಮೈ ಕೆರೆತ. ಒಂದು ಬೆಳಿಗ್ಗೆ ಹೆಂಡತಿ, "ಅತ್ತೆ, ಕಿಟಕಿ ಹತ್ರ ಬನ್ನಿ, ನಿಮ್ಮ ಕಣ್ಣು ನೋಡ್ತೀನಿ" ಅಂದಳು. ಹಳದಿ. ಕಾಮಾಲೆ.

ಮುಂಬಯಿ ಮಳೆಗಾಲದಲ್ಲಿ ಕಾಮಾಲೆ ಅಂದ್ರೆ ಎಲ್ಲರೂ ಮೊದಲು ಬೆರಳು ತೋರಿಸೋದು ನೀರಿಗೆ. ನಾವೂ ಹಾಗೇ ಅಂದುಕೊಂಡ್ವಿ. ನೀರು ಕುದಿಸೋಕೆ ಶುರು ಮಾಡಿದ್ವಿ. ಆಮೇಲೆ ಅಮ್ಮನೇ ಹೇಳಿದ ಮದ್ದು: ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ. ನಮ್ಮ ಕಡೆ ಕಾಮಾಲೆಗೆ ಅದೇ ಅಲ್ವಾ. ಸೊಸೈಟಿ ಪಾರ್ಕಿಂಗ್ ಕಲ್ಲುಗಳ ಸಂದಿಯಲ್ಲಿ ನೆಲನೆಲ್ಲಿ ಬೇಕಾದಷ್ಟಿತ್ತು, ಎಲೆ ಸಾಲಿನ ಕೆಳಗೆ ಸಾಸಿವೆಗಿಂತ ಸ್ವಲ್ಪ ದಪ್ಪದ ಕಾಯಿ, ನೋಡಿದ ತಕ್ಷಣ ಗುರುತು ಸಿಗುತ್ತೆ. ಅಲ್ಲಿ ತಿಂಗಳಿಗೊಮ್ಮೆ ಪೆಸ್ಟ್ ಕಂಟ್ರೋಲಿನವರು ಏನು ಹೊಡೀತಾರೆ ಅಂತ ನಾನು ಯೋಚನೆ ಮಾಡಲಿಲ್ಲ. ಇನ್ನೊಂದು ಮಾತು, ಇದನ್ನ ಹೇಳೋಕೆ ಈಗಲೂ ನಾಲಿಗೆ ತಡೆಯುತ್ತೆ: ಅಮೃತಬಳ್ಳಿ ಲಿವರಿಗೆ ಒಳ್ಳೇದು ಅಂತ ಎಲ್ಲೋ ಓದಿ, ಕಷಾಯವನ್ನು ದಿನಕ್ಕೆ ಎರಡು ಸಲ ಮಾಡಿದೆ.

ಹತ್ತು ದಿನ ಹೀಗೇ ಹೋಯ್ತು. ಆಸ್ಪತ್ರೆ ಅಂದ್ರೆ ಕೊರೊನಾ ಹೆದರಿಕೆ. ಕೊನೆಗೆ ಮನೆಗೇ ಬಂದು ರಕ್ತ ತಗೊಂಡು ಹೋಗೋರನ್ನ ಕರೆಸಿದ್ವಿ. ರಾತ್ರಿ ಹನ್ನೊಂದಕ್ಕೆ ಮೊಬೈಲಿಗೆ ರಿಪೋರ್ಟ್ ಬಂತು. ಬಿಲಿರುಬಿನ್ 8.6, ಇರಬೇಕಾದದ್ದು ಸುಮಾರು 1ರ ಒಳಗೆ. ಎಸ್‌ಜಿಪಿಟಿ 1,140, ಇರಬೇಕಾದದ್ದು ನಲವತ್ತು-ಐವತ್ತರ ಒಳಗೆ. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಗೆರೆ ನೋಡಿ ನೋಡಿ ನಮಗೆಲ್ಲ ಅಭ್ಯಾಸ, ಆದ್ರೆ ಆ ಕೆಂಪು ಅಕ್ಷರ ನೋಡಿದಾಗ ಕೈ ನಡುಗಿತು.

ಮರುದಿನ ಡಾಕ್ಟರ್. ಹೆಪಟೈಟಿಸ್ ಎ ಇಲ್ಲ, ಇ ಇಲ್ಲ, ಬಿ, ಸಿ ಯಾವುದೂ ಇಲ್ಲ. ಸ್ಕ್ಯಾನಿನಲ್ಲಿ ಕಲ್ಲು ಇಲ್ಲ. "ಏನು ಔಷಧಿ ತಗೋತಾರೆ?" ಅಂತ ಕೇಳಿದ್ರು. ಥೈರಾಯ್ಡ್ ಮಾತ್ರೆ, ಅಷ್ಟೇ ಅಂದೆ. ಅಮ್ಮನೂ ತಲೆ ಆಡಿಸಿದ್ರು. ಎರಡನೇ ಸಲ ಹೋದಾಗ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಮೂರನೇ ಸಲ ಡಾಕ್ಟರು ಪೆನ್ ಕೆಳಗಿಟ್ಟು ಹಿಂದಿಯಲ್ಲಿ, "ಮಾಜೀ, ಕಾಢಾ-ವಾಢಾ ಕುಛ್?" ಅಂದ್ರು. ಅಮ್ಮ ಖುಷಿಯಿಂದ, "ಹಾಂ, ವೋ ತೋ ರೋಜ್!"

ನಾವು ಸುಳ್ಳು ಹೇಳಿರಲಿಲ್ಲ. ಇದನ್ನ ನೀವು ಗಮನಿಸಬೇಕು. ನಮ್ಮ ಲೆಕ್ಕದಲ್ಲಿ ಕಷಾಯ ಔಷಧಿಯೇ ಅಲ್ಲ. ಅದು ಅಡುಗೆಮನೆಯದು, ಕಾಫಿ ಇದ್ದ ಹಾಗೆ. ಬಗ್ ಹುಡುಕುವಾಗ "ಆ ಕಡೆ ಏನೂ ಬದಲಾಯಿಸಿಲ್ಲ ಸರ್" ಅಂತೀವಲ್ಲ, ಕೊನೆಗೆ ಬಗ್ ಸಿಗೋದು ಅಲ್ಲೇ. ಹಾಗಾಯ್ತು.

ಕಷಾಯ, ಮಾತ್ರೆ, ನೆಲನೆಲ್ಲಿ, ಎಲ್ಲ ನಿಲ್ಲಿಸಿ ಅಂದ್ರು. ರಕ್ತದಲ್ಲಿ ಆಟೋಇಮ್ಯೂನ್ ಗುರುತುಗಳು ಸ್ವಲ್ಪ ಇದ್ದವು. ಅಂದ್ರೆ ದೇಹದ ರಕ್ಷಣಾ ವ್ಯವಸ್ಥೆ ತನ್ನ ಅಂಗದ ಮೇಲೇ ತಿರುಗಿ ಬೀಳೋ ಲಕ್ಷಣ. ಎರಡು ವಾರ ಕಾಯೋಣ, ಇಳೀದಿದ್ರೆ ಬಯಾಪ್ಸಿ ಅಂದ್ರು. ಆ ಎರಡು ವಾರ ನನಗೆ ನಿದ್ದೆ ಬಂದಿದ್ದು ನೆನಪಿಲ್ಲ. ಎಸ್‌ಜಿಪಿಟಿ ಮೊದಲು 500ರ ಹತ್ರ ಬಂತು, ನವೆಂಬರ್ ಕೊನೆಗೆ ನೂರರ ಕೆಳಗೆ, ಜನವರಿಯಲ್ಲಿ ಸರಿಯಾಯ್ತು. ಫೈಲಿನಲ್ಲಿ ಡಾಕ್ಟರು ಬರೆದ ಪದ "ಸಂಭವನೀಯ". ಗಿಡಮೂಲಿಕೆಯಿಂದ ಆಗಿರುವ ಸಂಭವ ಹೆಚ್ಚು ಅಂತ. ಒಬ್ಬರ ಮೇಲೆ ಇದಕ್ಕಿಂತ ಗಟ್ಟಿಯಾಗಿ ಹೇಳೋಕೆ ಬರಲ್ಲ, ಮತ್ತೆ ಕುಡಿಸಿ ನೋಡೋಕಂತೂ ಆಗಲ್ಲವಲ್ಲ.

ಕತೆ ಇಲ್ಲಿಗೆ ಮುಗಿದಿದ್ರೆ ನಾನು ಇವತ್ತು ಇಲ್ಲಿ ಮಾತಾಡ್ತಿರಲಿಲ್ಲ. 2021ರಲ್ಲಿ ಮುಂಬಯಿಯ ಲಿವರ್ ತಜ್ಞರ ಒಂದು ಪ್ರಬಂಧ ಬಂತು, ಡಾ. ಆಭಾ ನಗ್ರಾಲ್ ಮತ್ತು ಅವರ ಸಹೋದ್ಯೋಗಿಗಳದ್ದು, 'ಜರ್ನಲ್ ಆಫ್ ಕ್ಲಿನಿಕಲ್ ಅಂಡ್ ಎಕ್ಸ್‌ಪೆರಿಮೆಂಟಲ್ ಹೆಪಟಾಲಜಿ'ಯಲ್ಲಿ. 2020ರ ಸೆಪ್ಟೆಂಬರಿನಿಂದ ಡಿಸೆಂಬರ್ ತನಕ ಇದೇ ಊರಿನಲ್ಲಿ ಅಮೃತಬಳ್ಳಿ ಸೇವಿಸಿ ಲಿವರ್ ತೊಂದರೆಯಾದ ಆರು ಜನರ ವಿವರ. ನಮ್ಮ ಅಮ್ಮ ಆ ಆರರಲ್ಲಿ ಇಲ್ಲ. ಆದ್ರೆ ಓದುವಾಗ ನಮ್ಮನೆ ಫೈಲನ್ನೇ ಓದಿದ ಹಾಗಿತ್ತು. ಕೆಲವರಿಗೆ ಥೈರಾಯ್ಡಿನಂಥ ತೊಂದರೆ ಮೊದಲೇ ಇತ್ತು, ರಿಪೋರ್ಟುಗಳಲ್ಲಿ ಅದೇ ಆಟೋಇಮ್ಯೂನ್ ಥರದ ಲಕ್ಷಣ. ಇದಕ್ಕೆ ಆ ವರ್ಷ ಜುಲೈನಲ್ಲಿ ಆಯುಷ್ ಸಚಿವಾಲಯ ಆಕ್ಷೇಪ ಎತ್ತಿತು. ಇವರು ತಿಂದದ್ದು ನಿಜವಾದ ಅಮೃತಬಳ್ಳಿ, ಅಂದ್ರೆ ಟೈನೋಸ್ಪೋರಾ ಕಾರ್ಡಿಫೋಲಿಯಾ ಹೌದೋ, ಅಥವಾ ಅದರ ದಾಯಾದಿ ಟೈನೋಸ್ಪೋರಾ ಕ್ರಿಸ್ಪಾನೋ, ಅದನ್ನ ಖಚಿತ ಮಾಡಿಕೊಂಡಿಲ್ಲ ಅಂತ.

ನನಗೆ ಇದು ನ್ಯಾಯವಾದ ಪ್ರಶ್ನೆ ಅನ್ನಿಸಿತು. ಎಷ್ಟಂದ್ರೂ ಕೊಯ್ದವನು ನಾನು. ತಪ್ಪು ಬಳ್ಳಿ ಕೊಯ್ದಿದ್ರೆ? ಹಾಗಾಗಿ ಮರದ ಕೆಳಗೆ ಹೋಗಿ ನಿಂತೆ, ಈ ಸಲ ಸರಿಯಾಗಿ ನೋಡೋಕೆ. ನೀವೂ ನೋಡೋದಾದ್ರೆ ಹೀಗೆ ನೋಡಿ. ಕ್ರಿಸ್ಪಾದ ಕಾಂಡ ಬೂದು ಬಣ್ಣ, ಮೈ ತುಂಬ ನರಹುಲಿಯ ಹಾಗೆ ದಪ್ಪ ಗಂಟು, ಕೊಯ್ದರೆ ಹಾಲಿನಂಥ ರಸ. ಅಮೃತಬಳ್ಳಿಯ ಕಾಂಡ ಹಸಿರು, ಬಲಿತ ಮೇಲೆ ಕಾಗದದಂಥ ತೊಗಟೆ ಸುಲಿದು ಬರುತ್ತೆ, ಒಳಗೆ ಮತ್ತೆ ಹಸಿರು. ಅದರಲ್ಲೂ ಸಣ್ಣ ಸಣ್ಣ ಚುಕ್ಕೆಯಂಥ ಉಬ್ಬು ಇರುತ್ತೆ, ಅದನ್ನೇ ಗಂಟು ಅಂದುಕೊಂಡು ಗಾಬರಿ ಆಗಬೇಡಿ, ನಾನು ಆಗಿದ್ದೆ. ಹಾಲು ಬರಲ್ಲ. ಅಡ್ಡ ಕೊಯ್ದು ನೋಡಿದ್ರೆ ಬಂಡಿಚಕ್ರದ ಅರಗಳ ಹಾಗೆ ಗೆರೆ. ಹೂವಿನ ಎಸಳು ಅಮೃತಬಳ್ಳಿಗೆ ಆರು, ಕ್ರಿಸ್ಪಾಗೆ ಮೂರು. ಹಣ್ಣು ಅಮೃತಬಳ್ಳಿಯದ್ದು ಕೆಂಪು, ಬಟಾಣಿ ಥರ ದುಂಡು. ಆದ್ರೆ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆ ಬೇರೆ, ಗಂಡಾಗಿದ್ರೆ ಹಣ್ಣಿಗೆ ಎಷ್ಟು ವರ್ಷ ಕಾದರೂ ಬರಲ್ಲ. ಎಲೆ ಮಾತ್ರ ನೋಡಿ ತೀರ್ಮಾನ ಮಾಡಬೇಡಿ, ಹೃದಯದಾಕಾರದ ಎಲೆ ಎಷ್ಟೋ ಬಳ್ಳಿಗಿದೆ. ಎಲ್ಲದರ ಫೋಟೋ ತೆಗೆದು ಪರಿಚಯದ ಒಬ್ಬ ಸಸ್ಯಶಾಸ್ತ್ರದ ಮೇಷ್ಟ್ರಿಗೆ ಕಳಿಸಿದೆ. ಅಮೃತಬಳ್ಳಿಯೇ ಅಂದ್ರು. ಅಂದ್ರೆ ನನ್ನ ಬಳ್ಳಿ ಸರಿಯಾಗಿತ್ತು. ತಪ್ಪು ಬಳ್ಳಿಯದ್ದಲ್ಲ. ಒಂಥರಾ ಬೇಜಾರೇ ಆಯ್ತು. ಬಳ್ಳಿ ತಪ್ಪಾಗಿದ್ರೆ ಕತೆ ಸುಲಭ ಇತ್ತು.

2022ರಲ್ಲಿ ದೇಶದ 13 ಕೇಂದ್ರಗಳ ವೈದ್ಯರು ಸೇರಿ 43 ರೋಗಿಗಳ ಅಧ್ಯಯನ ಪ್ರಕಟಿಸಿದ್ರು. ಅದರಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ ಅಂಕಿ ಒಂದು: ಈ ಜನ ಸೇವಿಸೋಕೆ ಶುರು ಮಾಡಿದ ಮೇಲೆ ಲಕ್ಷಣ ಕಾಣಿಸಿಕೊಳ್ಳೋಕೆ ಹಿಡಿದ ಸಮಯದ ಮಧ್ಯಾಂಕ 46 ದಿನ. ಅಮ್ಮ ಕುಡಿದದ್ದು ಅದರ ಮೂರರಷ್ಟು.

ಆ ಭಾನುವಾರ ನಮ್ಮ ಚಿಕ್ಕಜ್ಜಿಗೆ ಫೋನ್ ಮಾಡಿದೆ. ಅಜ್ಜಿಯ ತಂಗಿ, ಎಂಬತ್ತು ದಾಟಿದವರು, ಊರಲ್ಲಿ ಮಕ್ಕಳ ಮದ್ದು ಅಂದ್ರೆ ಅವರೇ. "ಚಿಕ್ಕಜ್ಜಿ, ಅಮೃತಬಳ್ಳಿ ಕಷಾಯ ನೀವು ಹೆಂಗೆ ಕೊಡ್ತಿದ್ರಿ?"

"ಜ್ವರಕ್ಕಾ?"

"ಜ್ವರಕ್ಕಲ್ಲ, ಸುಮ್ನೆ. ದಿನಾ."

ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಎಂಥ ಮಾರಾಯ, ಜ್ವರ ಇಲ್ಲದವರಿಗೆ ಜ್ವರದ ಮದ್ದು ಯಾಕೆ ಕೊಡ್ತಾರೆ?"

ಬಿಡಿಸಿ ಕೇಳಿದೆ. ಕಿರುಬೆರಳು ದಪ್ಪದ ಕಾಂಡ, ಕಿರುಬೆರಳು ಉದ್ದ. ಜೀರಿಗೆ, ಮೆಣಸು. ದೊಡ್ಡವರಿಗೆ ಒಂದು ಸಣ್ಣ ಲೋಟ. ಮೂರು ದಿನ. ಜ್ವರ ಬಿಡದಿದ್ರೆ? "ಬಿಡದಿದ್ರೆ ತೀರ್ಥಹಳ್ಳಿ ಡಾಕ್ಟರ ಹತ್ರ ಕರ್ಕೊಂಡು ಹೋಗೋದು, ಮತ್ತೆಂಥ." ಬಸುರಿಗೆ? ಕೊಡಲ್ಲ. ಕಾಮಾಲೆ ಆದವರಿಗೆ? "ಕಾಮಾಲೆಗೆ ಬೇರೆ ಮದ್ದು, ಅದಕ್ಕೆ ಪಥ್ಯ ಬೇರೆ. ಎರಡು ಮದ್ದು ಒಟ್ಟಿಗೆ ಯಾರೂ ಕೊಡಲ್ಲ." ಒಂದೊಂದು ಉತ್ತರಕ್ಕೂ ನಾನು ಮಾಡಿದ್ದು ಸರಿಯಾಗಿ ಉಲ್ಟಾ.

ನಾವು ಊರಿಂದ ಏನು ಹೊತ್ತುಕೊಂಡು ಬಂದ್ವಿ ಅಂತ ಆವತ್ತು ಯೋಚನೆ ಮಾಡಿದೆ. ಬಳ್ಳಿಯ ಹೆಸರು ಬಂದಿದೆ. ಕಷಾಯದ ರುಚಿ ಬಂದಿದೆ. ಎಷ್ಟು, ಎಷ್ಟು ದಿನ, ಯಾರಿಗೆ ಬೇಡ, ಯಾವಾಗ ನಿಲ್ಲಿಸೋದು, ಇದು ಬಂದಿಲ್ಲ. ಯಾಕಂದ್ರೆ ಅದನ್ನ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಕುಡಿಯೋ ಕಡೆ ಇದ್ವಿ, ಕೊಡೋ ಕಡೆ ಚಿಕ್ಕಜ್ಜಿ ಇದ್ರು. ಲೋಟ ಕೈಗೆ ಬರೋ ಮುಂಚೆ ಲೆಕ್ಕ ಎಲ್ಲ ಅವರ ತಲೆಯಲ್ಲಿ ಮುಗಿದಿರ್ತಿತ್ತು. ಅಷ್ಟೇಕೆ, ಆಯುಷ್‌ನವರೇ 2020ರ ಅಕ್ಟೋಬರಿನಲ್ಲಿ ಕೊಟ್ಟ ಕೋವಿಡ್ ಮಾರ್ಗಸೂಚಿಯಲ್ಲೂ ಗುಡೂಚಿಗೆ ಹದಿನೈದು ದಿನ ಅಥವಾ ಒಂದು ತಿಂಗಳು ಅಂತ ಅವಧಿ ಇತ್ತು. ಫಾರ್ವರ್ಡ್ ಆಗಿ ನಮ್ಮ ಗ್ರೂಪಿಗೆ ಬರೋ ಹೊತ್ತಿಗೆ ಅವಧಿ ಉದುರಿಹೋಗಿ "ಗಿಲೋಯ್ ಪೀಜಿಯೇ" ಮಾತ್ರ ಉಳಿದಿತ್ತು.

ಇದಕ್ಕೆ ಎದುರಾಗಿ ಇದೇ ಊರಲ್ಲಿ ನಾನು ನೋಡಿದ ಒಂದು ವಿಷಯ ಹೇಳ್ತೀನಿ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮೇಲೆ ಠಾಣೆ ಸ್ಟೇಷನ್ ಹೊರಗೆ, ದಾದರ್ ಮಾರ್ಕೆಟ್ಟಿನಲ್ಲಿ ಆದಿವಾಸಿ ಹೆಂಗಸರು ರಾನ್‌ಭಾಜಿ ತಂದು ಕೂರ್ತಾರೆ. ನಮ್ಮ ತಗಟೆ ಸೊಪ್ಪು ಅಲ್ಲಿ ಟಾಕಳಾ, ಮಾಡಹಾಗಲ ಅಲ್ಲಿ ಕರ್ಟೋಲಿ. ಮೊದಲ ಮಳೆಗೆ ಬರೋದು ಶೇವಳ, ಸುವರ್ಣಗೆಡ್ಡೆ ಜಾತಿಯ ಕಾಡುಗಿಡದ ಹೂಗೊಂಚಲು. ಹಾಗೇ ಬೇಯಿಸಿ ತಿಂದ್ರೆ ಗಂಟಲು ತುರಿಸುತ್ತೆ. ಮೊದಲ ಸಲ ನಾನು ಒಂದು ಕಟ್ಟು ಶೇವಳ ಎತ್ತಿಕೊಂಡು ದುಡ್ಡು ಕೊಟ್ಟು ಹೊರಟೆ. ಆ ಮೌಶಿ ಕೈ ಹಿಡಿದು ನಿಲ್ಲಿಸಿದ್ರು. ಪಕ್ಕದ ಗುಡ್ಡೆಯಿಂದ ಹಸಿರು ಬಣ್ಣದ ಸಣ್ಣ ಹುಳಿಕಾಯಿ ಒಂದು ಹಿಡಿ ತೆಗೆದು ಚೀಲಕ್ಕೆ ಹಾಕಿದ್ರು. ಕಾಕಡ. ಇದರ ರಸ ಹಾಕದೆ ಶೇವಳ ಮಾಡಬೇಡ, ಮಾಡೋದಾದ್ರೆ ವಾಪಸ್ ಕೊಡು ಅಂದ್ರು. ಕೆಸುವಿಗೆ ನಾವು ಹುಣಸೆಹುಳಿ ಹಾಕಲ್ವಾ, ಅದೇ ಲೆಕ್ಕ. ಅವರ ಹತ್ರ ಸೊಪ್ಪಿನ ಜೊತೆ ಅದರ ಹುಳಿಯೂ ಬರುತ್ತೆ. ನನ್ನ ಗಿಲೋಯ್ ಮಾತ್ರೆ ಡಬ್ಬಿಯ ಜೊತೆ ಬಂದದ್ದು ಇಪ್ಪತ್ತು ಪರ್ಸೆಂಟ್ ಡಿಸ್ಕೌಂಟ್ ಕೂಪನ್.

ಈಗಲೂ ಸೊಪ್ಪು ಕೊಯ್ತೀಯಾ ಅಂತ ಕೇಳ್ತಾರೆ. ಕೊಯ್ತೀನಿ. ಆದ್ರೆ ರಸ್ತೆ ಬದಿ, ರೈಲ್ವೆ ಹಳಿ ಬದಿ, ಪೆಸ್ಟ್ ಕಂಟ್ರೋಲ್ ಹೊಡೆಯೋ ಕಾಂಪೌಂಡು, ಈ ಮೂರು ಕಡೆ ಕೈ ಹಾಕಲ್ಲ. ನ್ಯಾಷನಲ್ ಪಾರ್ಕ್ ಒಳಗಿನದ್ದು ಎಲೆಯೂ ಮುಟ್ಟೋ ಹಾಗಿಲ್ಲ, ಅದು ಕಾನೂನು. ಹಾಗೆ ಲೆಕ್ಕ ಹಾಕಿದ್ರೆ ಈ ಊರಲ್ಲಿ ಕೊಯ್ಯೋ ಜಾಗ ಬಹಳ ಕಡಿಮೆ. ಒಂದೆಲಗವನ್ನು ಗ್ಯಾಲರಿಯ ಕುಂಡದಲ್ಲೇ ಹಾಕಿದೀನಿ, ಚೆನ್ನಾಗಿ ಹಬ್ಬಿದೆ. ಮಿಕ್ಕಿದ್ದಕ್ಕೆ ಆ ಮೌಶಿ ಇದ್ದಾರೆ. ಅಮೃತಬಳ್ಳಿ ಮನೆಗೆ ತರಲ್ಲ. ನಿಮ್ಮ ಮನೇಲಿ ಥೈರಾಯ್ಡ್, ಸಂಧಿವಾತ, ತೊನ್ನು, ಈ ಥರ ಆಟೋಇಮ್ಯೂನ್ ಜಾತಿಯ ತೊಂದರೆ ಇರೋರು, ಲಿವರ್ ತೊಂದರೆ ಇರೋರು ಇದ್ರೆ, ಇದನ್ನ ಕೊಡೋ ಮುಂಚೆ ಅವರ ಡಾಕ್ಟರನ್ನ ಕೇಳಿ. ಕುಡಿಯುತ್ತಿರೋರಿಗೆ ಮೂತ್ರ ಗಾಢ ಹಳದಿ ಆಯ್ತು, ಊಟ ಸೇರಲ್ಲ, ಮೈ ಕೆರೆತ ಅಂದ್ರೆ ಅವತ್ತೇ ನಿಲ್ಲಿಸಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ನಾವು ಕಳೆದ ಹತ್ತು ದಿನ ನೀವು ಕಳೀಬೇಡಿ.

ಅಮ್ಮ ಈಗ ಊರಲ್ಲೇ ಇದ್ದಾರೆ, ಆರೋಗ್ಯವಾಗಿದ್ದಾರೆ. ವರ್ಷಕ್ಕೊಮ್ಮೆ ಇಲ್ಲಿಗೆ ಬಂದು ಅದೇ ಡಾಕ್ಟರಿಗೆ ತೋರಿಸಿಕೊಂಡು ಹೋಗ್ತಾರೆ. ಹೋದ ಸಲ "ಏನು ಔಷಧಿ ತಗೋತೀರಿ ಮಾಜೀ?" ಅಂತ ಅವರು ಕೇಳೋದೇ ತಡ, ಅಮ್ಮ ಚೀಲದಿಂದ ಚೀಟಿ ತೆಗೆದ್ರು. ಥೈರಾಯ್ಡ್ ಮಾತ್ರೆ. ಮಂಡಿನೋವಿಗೆ ಹಚ್ಚೋ ಎಣ್ಣೆ. ರಾತ್ರಿ ಒಂದು ಲೋಟ ಜೀರಿಗೆ ನೀರು. ವಾರಕ್ಕೆ ಎರಡು ಸಲ ಒಂದೆಲಗದ ತಂಬುಳಿ. ಕೊನೆಯದ್ದು ಡಾಕ್ಟರಿಗೆ ಅರ್ಥ ಆಗಲಿಲ್ಲ. ಅಮ್ಮ ತಮ್ಮ ಹಿಂದಿಯಲ್ಲಿ ಐದು ನಿಮಿಷ ವಿವರಿಸಿದ್ರು: ಎಷ್ಟು ಎಲೆ, ಎಷ್ಟು ಕಾಯಿತುರಿ, ಎಷ್ಟು ಮಜ್ಜಿಗೆ, ಒಗ್ಗರಣೆಗೆ ಏನು. ಹೊರಗೆ ಹನ್ನೆರಡು ಜನ ಕಾಯ್ತಿದ್ರು. ಡಾಕ್ಟರು ಪೂರ್ತಿ ಕೇಳಿಸಿಕೊಂಡು, ನನ್ನ ಕಡೆ ತಿರುಗಿ ಸ್ಪೆಲಿಂಗ್ ಕೇಳಿ, ಅಮ್ಮನ ಫೈಲಿನಲ್ಲಿ ಥೈರಾಯ್ಡ್ ಮಾತ್ರೆಯ ಕೆಳಗೆ ತಂಬುಳಿ ಅಂತ ಬರೆದುಕೊಂಡ್ರು.